ಹಾಡು ಮುಗಿದ ಮೇಲೆ

‘ಸಹಾಯಾರ್ಥ’ ಎಂಬುದು ನಮ್ಮಲ್ಲಿ ನಿಘಂಟಿಗಿಂತ ಹೆಚ್ಚಾಗಿ ಗೋಡೆಗಳ ಮೇಲೆ ಬದುಕಿದ ಶಬ್ದ. ನಾನು ಅಕ್ಷರ ಕೂಡಿಸಿ ಓದಲು ಕಲಿತ ದಿನಗಳಲ್ಲಿ ಅದನ್ನು ಕಂಡದ್ದು ನಾಟಕದ ಭಿತ್ತಿಪತ್ರಗಳಲ್ಲಿ. ಶಾಲೆಯ ಕಟ್ಟಡದ ಸಹಾಯಾರ್ಥ, ಗುಡಿಯ ಜೀರ್ಣೋದ್ಧಾರದ ಸಹಾಯಾರ್ಥ, ಹಾಸಿಗೆ ಹಿಡಿದ ಹಿರಿಯ ನಟರೊಬ್ಬರ ಸಹಾಯಾರ್ಥ. ನಾಟಕವನ್ನು ನಾವು ಕಣ್ತುಂಬ ನೋಡುತ್ತಿದ್ದೆವು. ಸಹಾಯ ಯಾರಿಗೆ, ಎಷ್ಟು ಮುಟ್ಟಿತೆಂದು ಯಾರೂ ಕೇಳುತ್ತಿರಲಿಲ್ಲ. ಆ ಪ್ರಶ್ನೆಯನ್ನು ನನಗೆ ಕಲಿಸಿದ್ದು 1990ರ ದಶಕದಲ್ಲಿ ಮೈಸೂರಿನಲ್ಲಿ ನಡೆದ ಡಾ. ರಾಜ್‌ಕುಮಾರ್ ಅವರ ಒಂದು ರಸಮಂಜರಿ. ಅದರಿಂದ ಬಂದ ಹಣ, ನೊಂದ ಹೆಣ್ಣುಮಕ್ಕಳ ಆಶ್ರಯಕ್ಕೆಂದು ನಮ್ಮ ಊರಿನಲ್ಲಿ ಹುಟ್ಟಿದ ಶಕ್ತಿಧಾಮಕ್ಕೆ ಸಂದಿತು. ಆ ಸಂಜೆ ನಾನು ಕಂಡದ್ದನ್ನೂ, ಅನಂತರದ ವರ್ಷಗಳಲ್ಲಿ ಅದರಿಂದ ತಿಳಿದುಕೊಂಡದ್ದನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ನಾನಾಗ ಕನ್ನಡ ಅಧ್ಯಾಪಕ. ತರಗತಿಯಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳುವವನಿಗೆ ಚಿತ್ರಗೀತೆಯೆಂದರೆ ಬಸ್ಸಿನಲ್ಲಿ ಕಿವಿಗೆ ಬೀಳುವ ಪದಾರ್ಥ ಎಂಬ ಒಣ ಬಿಗುಮಾನವಿತ್ತು. ನಾನು ಓದಿದ ಮೈಸೂರು ವಿಶ್ವವಿದ್ಯಾನಿಲಯವೇ 1976ರಲ್ಲಿ ರಾಜ್‌ಕುಮಾರ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತ್ತು. ನನ್ನ ಬಿಗುಮಾನ ಅದಕ್ಕೂ ಸಡಿಲವಾಗಿರಲಿಲ್ಲ. ಟಿಕೇಟು ತಂದದ್ದು ಅವ್ವನ ಒತ್ತಾಯಕ್ಕೆ. ಕುಂಬಾರಕೊಪ್ಪಲಿನ ನಮ್ಮ ಬೀದಿಯಿಂದ ಅಂದು ಸಂಜೆ ಹೊರಟವರು ಒಬ್ಬಿಬ್ಬರಲ್ಲ. ತಿಗರಿ ತಿರುಗಿಸುತ್ತಿದ್ದ ಮನೆಯವರು, ಕಾರ್ಖಾನೆಯ ಕೆಲಸಕ್ಕೆ ಹೋಗುವವರು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡ ಹೆಂಗಸರು ಎಲ್ಲರೂ ಜಾತ್ರೆಗೆ ಹೊರಟ ಹಾಗೆ ಸಿಟಿ ಬಸ್ಸು ಹತ್ತಿದ್ದರು.

ವೇದಿಕೆಗೆ ಅವರು ಬಂದದ್ದು ಬಿಳಿಯ ಪಂಚೆ, ಬಿಳಿಯ ಅಂಗಿಯಲ್ಲಿ. ಅರವತ್ತು ದಾಟಿದ ವಯಸ್ಸು. ಕೈಜೋಡಿಸಿ ಬಾಗಿ, ‘ಅಭಿಮಾನಿ ದೇವರುಗಳೇ’ ಎಂದರು. ಆ ಸಂಬೋಧನೆಯನ್ನು ನಾಟಕೀಯವೆಂದು ನಾನು ಹಿಂದೆ ನಕ್ಕದ್ದುಂಟು. ಆದರೆ ಎದುರಿಗೆ ಕೇಳಿದಾಗ ಅದು ಹೊಟ್ಟೆಪಾಡಿನ ಋಣವನ್ನು ಒಪ್ಪಿಕೊಳ್ಳುವ ಮಾತಾಗಿ ಕೇಳಿಸಿತು. ಹಾಡು ಶುರುವಾದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಗವಲ್ಲ, ಉಚ್ಚಾರಣೆ. ಮಹಾಪ್ರಾಣ ಮಹಾಪ್ರಾಣವಾಗಿಯೇ, ಒತ್ತಕ್ಷರ ಒತ್ತಕ್ಷರವಾಗಿಯೇ ಹಿಂದಿನ ಸಾಲಿನ ಮಗುವಿಗೂ ಮುಟ್ಟುತ್ತಿತ್ತು. ಇದು ಸಿನಿಮಾದ ಕೊಡುಗೆಯಲ್ಲ, ಕಂಪನಿ ನಾಟಕದ್ದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿದ ಮುತ್ತುರಾಜ ಎಂಬ ಹುಡುಗ ಶಾಲೆಯಲ್ಲಿ ಕಲಿತದ್ದು ಸ್ವಲ್ಪ, ರಂಗದ ಮೇಲೆ ಕಲಿತದ್ದು ಬಹಳ. ಧ್ವನಿವರ್ಧಕವನ್ನು ನಂಬದೆ ಮಾತನ್ನು ಕೊನೆಯ ಸಾಲಿಗೆ ಒಯ್ಯಬೇಕಾಗಿದ್ದ ರಂಗಭೂಮಿ ಅದು. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾದರೂ ಅವರ ಪಾತ್ರಗಳಿಗೆ ಬಹುಕಾಲ ಹಾಡಿದವರು ಪಿ. ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಅನಂತರ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. 1992ರ ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು.

ಹಾಡುಗಳ ನಡುವೆ ವೇದಿಕೆಯಿಂದ ಒಬ್ಬರು ಈ ಕಾರ್ಯಕ್ರಮದ ಉದ್ದೇಶವನ್ನು ಹೇಳಿದರು: ಗಂಡನ ಮನೆಯೂ ತವರೂ ಬೇಡವೆಂದ ಹೆಣ್ಣುಮಕ್ಕಳಿಗೆ, ಮೋಸ ಹೋಗಿ ಬೀದಿಗೆ ಬಿದ್ದವರಿಗೆ ಒಂದು ಮನೆ. ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಅವ್ವ ತಟ್ಟಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಅವಳಿಗೆ ಏನು ನೆನಪಾಯಿತೆಂದು ನನಗೆ ಆ ಕ್ಷಣವೇ ತಿಳಿಯಿತು. ಏಕೆಂದರೆ ನನಗೂ ಅದೇ ನೆನಪಾಗಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗಿನ ಮಾತು. ಒಂದು ಮಳೆಯ ರಾತ್ರಿ ನಮ್ಮ ಬಾಗಿಲು ಬಡಿದ ಸದ್ದಾಯಿತು. ಹೊರಗೆ ನಿಂತಿದ್ದವಳು ನಮ್ಮ ಬೀದಿಯಿಂದಲೇ ಮದುವೆಯಾಗಿ ಹೋದವಳು. ಕೈಯಲ್ಲಿ ಕೂಸು, ಹಣೆಯಲ್ಲಿ ಗಾಯ. ತವರಿನ ಬಾಗಿಲು ಆಗಲೇ ಮುಚ್ಚಿತ್ತು. ನಮ್ಮ ಜಗಲಿಯ ಮೇಲೆ ಅವಳು ರಾತ್ರಿ ಕಳೆದಳು. ಅವ್ವ ಬಿಸಿನೀರು ಕೊಟ್ಟಳು, ಒಣಗಿದ ಸೀರೆ ಕೊಟ್ಟಳು. ಬೆಳಗ್ಗೆ ಅಪ್ಪನೂ ಬೀದಿಯ ಹಿರಿಯರೂ ಸೇರಿ ಬುದ್ಧಿ ಹೇಳಿ, ಬಸ್ಸಿನ ಹಣ ಕೈಗಿಟ್ಟು, ಅವಳನ್ನು ಬಂದ ಕಡೆಗೇ ಕಳುಹಿಸಿದರು. ಅವರು ಕೆಟ್ಟವರಲ್ಲ. ಮತ್ತೆಲ್ಲಿಗೆ ಕಳುಹಿಸಬೇಕೆಂದು ಅವರಿಗೆ ತಿಳಿದಿರಲಿಲ್ಲ. ಕಳುಹಿಸಲು ಮತ್ತೊಂದು ಜಾಗವೇ ಇರಲಿಲ್ಲ. ಅವಳು ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಕಾರ್ಯಕ್ರಮ ಮುಗಿದು, ದೂಳಿನಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ಬರುವಾಗ ನಾನು ಹಾಡನ್ನು ಹೊಗಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರು ಹಾಡಿದ್ದಾಯ್ತು ಮಗ. ನಾಳೆಯಿಂದ ಬಾಗ್ಲು ತೆಗೆಯೋರು ಯಾರು?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಸಹಾಯಾರ್ಥ ಸಂಗೀತದ ಮರ್ಮವೆಲ್ಲ ಆ ಪ್ರಶ್ನೆಯಲ್ಲಿದೆ. ಅದರ ಲೆಕ್ಕವನ್ನು ನೋಡಿ. ಟಿಕೇಟಿನ ಹಣದಲ್ಲಿ ಚಪ್ಪರ, ದೀಪ, ಧ್ವನಿವರ್ಧಕಗಳ ಬಾಡಿಗೆ ಕಳೆಯಬೇಕು. ಮುಖ್ಯ ಗಾಯಕರು ಸಂಭಾವನೆ ಬಿಡಬಹುದು. ಆದರೆ ತಬಲದವರಿಗೂ ಕೊಳಲಿನವರಿಗೂ ಅದೇ ಅಂದಿನ ಅನ್ನ. ಇದೆಲ್ಲ ಕಳೆದು ಉಳಿಯುವುದು ಎಷ್ಟೇ ದೊಡ್ಡ ಮೊತ್ತವಾದರೂ ಅದು ಒಂದು ಸಲದ ಹಣ. ಹಸಿವಾದರೋ ದಿನಕ್ಕೆರಡು ಬಾರಿ ಬರುವಂಥದು. ನಮ್ಮ ಬೀದಿಯಲ್ಲಿ ಮಡಕೆ ಕೊಳ್ಳುವವರು ಬೆರಳ ಗಂಟಿನಿಂದ ಅದನ್ನು ತಟ್ಟಿ ನಾದ ಕೇಳುತ್ತಿದ್ದರು. ನಾದ ಚೆನ್ನಾಗಿದೆ ಎಂದು ಆನಂದಪಡುವುದಕ್ಕಲ್ಲ. ನೀರು ನಿಲ್ಲುತ್ತದೆಯೇ ಎಂದು ತಿಳಿಯುವುದಕ್ಕೆ. ಸಹಾಯಾರ್ಥ ಕಚೇರಿಯ ಪರೀಕ್ಷೆಯೂ ಅದೇ.

ನಮ್ಮ ದೇಶದಲ್ಲಿ ಈ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವರು ಎಂ. ಎಸ್. ಸುಬ್ಬುಲಕ್ಷ್ಮಿ. 1944ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಗಾಗಿ ಕಚೇರಿ ಮಾಡಿದ ಅವರು, ಮುಂದೆ ಇನ್ನೂರಕ್ಕೂ ಹೆಚ್ಚು ಸಹಾಯಾರ್ಥ ಕಚೇರಿಗಳಲ್ಲಿ ಹಾಡಿದರು. 1974ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸಾರ್ವಜನಿಕ ಸೇವೆಯ ವಿಭಾಗದಲ್ಲಿ ಎಂಬುದನ್ನು ಗಮನಿಸಬೇಕು. ಅವರ ಹಾಡಿನ ಹಣ ಸೇರುತ್ತಿದ್ದುದು ಆಗಲೇ ನಡೆಯುತ್ತಿದ್ದ ಸಂಸ್ಥೆಗಳ, ನಿಧಿಗಳ ಕೈಗೆ. ಹಾಗಾಗಿ ಅದು ಸೋರಲಿಲ್ಲ.

ಇನ್ನೊಂದು ನಿದರ್ಶನ ಬೇರೊಂದು ಪಾಠ ಹೇಳುತ್ತದೆ. 1971ರ ಆಗಸ್ಟ್ 1ರಂದು ಪಂಡಿತ ರವಿಶಂಕರರ ಕೋರಿಕೆಯಂತೆ ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ಏರ್ಪಡಿಸಿದ ಸಂಗೀತ ಸಭೆ ಜಗತ್ಪ್ರಸಿದ್ಧ. ರವಿಶಂಕರರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾ ಅವರ ತಬಲ. ವಾದ್ಯಗಳನ್ನು ಶ್ರುತಿ ಮಾಡಿಕೊಳ್ಳುವುದನ್ನೇ ಕಚೇರಿಯೆಂದು ಭಾವಿಸಿ ಜನ ಚಪ್ಪಾಳೆ ತಟ್ಟಿದ್ದೂ, ರವಿಶಂಕರರು ಅದನ್ನು ನಗುತ್ತಲೇ ತಿದ್ದಿದ್ದೂ ಸಂಗೀತಪ್ರಿಯರಿಗೆಲ್ಲ ಗೊತ್ತು. ಅಂದಿನ ಟಿಕೇಟಿನ ಹಣ, ಸುಮಾರು 2 ಲಕ್ಷ 43 ಸಾವಿರ ಡಾಲರು, ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಬೇಗನೆ ಮುಟ್ಟಿತು. ಆದರೆ ಧ್ವನಿಮುದ್ರಿಕೆಯಿಂದಲೂ ಚಲನಚಿತ್ರದಿಂದಲೂ ಬಂದ ಅದಕ್ಕಿಂತ ಎಷ್ಟೋ ದೊಡ್ಡ ಮೊತ್ತ ಅಮೆರಿಕದ ತೆರಿಗೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ತೆರಿಗೆ ವಿನಾಯಿತಿಗೆ ಬೇಕಾದ ಏರ್ಪಾಡನ್ನು ಮುಂಚಿತವಾಗಿ ಮಾಡಿಕೊಂಡಿರಲಿಲ್ಲ. ಹಾಡಿದವರ ಮನಸ್ಸಿನಲ್ಲಿ ಕೊರತೆಯಿರಲಿಲ್ಲ. ಹಣ ಹಿಡಿಯುವ ಪಾತ್ರೆ ಸಿದ್ಧವಿರಲಿಲ್ಲ.

ಮೈಸೂರಿನಲ್ಲಿ ಆ ಪಾತ್ರೆಯನ್ನು ಮಾಡಿದರು. ಪೊಲೀಸ್ ಅಧಿಕಾರಿ ಕೆಂಪಯ್ಯನವರ ಮುತುವರ್ಜಿ, ಪಾರ್ವತಮ್ಮ ರಾಜ್‌ಕುಮಾರ್ ಅವರ ಹೊಣೆಗಾರಿಕೆ ಸೇರಿ 1997ರಲ್ಲಿ ಶಕ್ತಿಧಾಮ ನೆಲೆ ಕಂಡಿತು. ನೊಂದ ಹೆಂಗಸರಿಗೆ ಆಶ್ರಯ, ಕೈಕಸುಬು. ಕಾಲಕ್ರಮದಲ್ಲಿ ಆಸರೆಯಿಲ್ಲದ ಹೆಣ್ಣುಮಕ್ಕಳಿಗೆ ಊಟ, ವಸತಿ, ವಿದ್ಯೆ. ಚಿತ್ರನಿರ್ಮಾಣದ ಕಷ್ಟನಷ್ಟಗಳನ್ನು ಕಂಡಿದ್ದ ಪಾರ್ವತಮ್ಮನವರಿಗೆ ದಿನದ ಖರ್ಚೆಂದರೇನೆಂದು ಗೊತ್ತಿತ್ತು. ಚಪ್ಪಾಳೆಯ ಸದ್ದು ಅಡಗಿದ ಮೇಲೆ ಅಕ್ಕಿ, ಬೇಳೆ, ಶಾಲೆಯ ಶುಲ್ಕದ ಲೆಕ್ಕ ನೋಡುವವರು ಒಬ್ಬರು ಬೇಕು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. 2017ರಲ್ಲಿ ಪಾರ್ವತಮ್ಮನವರೂ ಹೋದರು. ಮನೆ ನಿಲ್ಲಲಿಲ್ಲ. ಹಿರಿಯ ಸೊಸೆ ಗೀತಾ ಶಿವರಾಜ್‌ಕುಮಾರ್ ಅದರ ಹೊಣೆ ಹೊತ್ತರು. ಕಿರಿಯ ಮಗ ಪುನೀತ್ ಬೇರೆಯವರ ಚಿತ್ರಗಳಿಗೆ ಹಾಡಿದಾಗ ಬಂದ ಸಂಭಾವನೆಯನ್ನು ಶಕ್ತಿಧಾಮಕ್ಕೆ ಕೊಡುತ್ತಿದ್ದರೆಂಬುದು, 2021ರ ಅಕ್ಟೋಬರ್ 29ರಂದು ಅವರು ಅಕಾಲದಲ್ಲಿ ತೀರಿಕೊಂಡ ಮೇಲೆ ನಾಡಿಗೆಲ್ಲ ತಿಳಿಯಿತು. ತಂದೆಯ ಹಾಡು ಇಟ್ಟ ಅಡಿಗಲ್ಲಿನ ಮೇಲೆ ಮಗನ ಹಾಡು ದಿನದಿನದ ಅನ್ನವಾಗಿತ್ತು.

ಸಂಗೀತದಿಂದ ಜಗತ್ತಿನ ದುಃಖ ನೀಗುತ್ತದೆಂದು ನಾನು ಹೇಳಲಾರೆ. ಒಂದು ಸಂಜೆಯ ಮಟ್ಟಿಗೆ ಸಾವಿರಾರು ಜನರ ಕಿವಿ ಒಂದೇ ಕಡೆ ತಿರುಗುತ್ತದೆ. ಸಂಗೀತದ ಕೈಯಲ್ಲಿ ಆಗುವುದು ಅಷ್ಟೆ. ಆ ಹೊತ್ತಿನಲ್ಲಿ ಯಾರ ಹೆಸರನ್ನೂ ಹೇಳದೆಯೆ ನಾವು ಮುಚ್ಚಿದ ಬಾಗಿಲುಗಳನ್ನು ಅದು ನಮಗೆ ನೆನಪಿಸಬಲ್ಲುದು. ಮುಂದಿನದು ನಮ್ಮ ಪಾಲಿನ ಕೆಲಸ.

ಅವ್ವ ಈಗಿಲ್ಲ. ಶಕ್ತಿಧಾಮದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅವಳಿಗೆ ಓದಿ ಹೇಳುತ್ತಿದ್ದೆ. ಕೇಳಿ ಮುಗಿದ ಮೇಲೆ ಪ್ರತಿ ಸಲವೂ ಅವಳು ಹೇಳುತ್ತಿದ್ದುದು ಒಂದೇ ಮಾತು: ‘ಇಪ್ಪತ್ತು ವರ್ಷ ಮುಂಚೆ ಹಾಡಿದ್ರೆ ಆಗ್ತಿತ್ತು.’

(ಬಾನುಲಿ ಭಾಷಣದ ಬರಹರೂಪ)