ಮೈಕ್ ಸೆಟ್ಟಿನ ಜಾತಕ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹಿಂದೊಮ್ಮೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಮನೆಗಳ ಅಟ್ಟ ಹತ್ತಿದರೆ, ಹಳೆಯ ಹಾರ್ನುಗಳ ಹಿಂದೆ ತಗಡಿನದೊಂದು ಪೆಟ್ಟಿಗೆ ಕಂಡೀತು. ಒಬ್ಬರೇ ಇಳಿಸಲಾರದಷ್ಟು ಭಾರ. ಮುಂದಿನ ಹೆಸರಿನ ಪಟ್ಟಿ ಉದುರಿರುತ್ತದೆ, ಗುಬುಟುಗಳಲ್ಲಿ ಎರಡು ಮೂರು ಕಾಣೆಯಾಗಿರುತ್ತವೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೋ ಊರ ಹುಡುಗರು ಬಣ್ಣ ಹಚ್ಚಿ ಆಡಿದ ಪೌರಾಣಿಕ ನಾಟಕಕ್ಕೋ ಶೇಂಗಾ ಹೊಲ ದಾಟುವಷ್ಟು ದನಿ ಕೊಟ್ಟದ್ದು ಇಂಥ ಪೆಟ್ಟಿಗೆಗಳು. ಇಂದು ಅವು ಗುಜರಿಗೆ ಹೋಗುತ್ತಿವೆ, ಒಳಗಿನ ಟ್ರಾನ್ಸ್‌ಫಾರ್ಮರಿನ ತಾಮ್ರಕ್ಕಾಗಿ. ತೂಕಕ್ಕೆ ಹಾಕುವ ಮೊದಲು ಅದರ ಜಾತಕವನ್ನೊಮ್ಮೆ ಓದಿ ಎಂದು ಕೇಳಿಕೊಳ್ಳಲಿಕ್ಕೇ ಈ ಲೇಖನ.

ಒಳಗಿರುವ ಗಾಜಿನ ಬುರುಡೆಗಳಿಗೆ ವಾಲ್ವ್ ಎಂದು ಹೆಸರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ರಾಣಿಕೆರೆಯ ತೂಬನ್ನು ನೆನೆಸಿಕೊಳ್ಳಿ. ಕೆರೆಯ ನೀರಿನ ಒತ್ತಡ ದೊಡ್ಡದು, ತೂಬು ತಿರುಗಿಸುವ ಕೈಯ ಬಲ ಚಿಕ್ಕದು. ಆದರೂ ಕಾಲುವೆಗೆ ಎಷ್ಟು ನೀರು ಹೋಗಬೇಕೆಂದು ತೀರ್ಮಾನಿಸುವುದು ಆ ಕೈಯೇ. ವಾಲ್ವಿನಲ್ಲಿ ಕೆರೆಯ ಜಾಗದಲ್ಲಿ ಕ್ಯಾಥೋಡ್ ಎಂಬ ಸಣ್ಣ ಕೊಳವೆ ಇದೆ. ಬೇರಿಯಂ, ಸ್ಟ್ರಾಂಷಿಯಂ ಆಕ್ಸೈಡುಗಳ ಲೇಪವಿರುವ ಅದನ್ನು ಒಳಗಿನ ಹೀಟರ್ ಕೆಂಪಗೆ ಕಾಯಿಸಿದಾಗ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಸುತ್ತಲಿನ ಪ್ಲೇಟಿಗೆ ಕೊಟ್ಟ ನೂರಾರು ವೋಲ್ಟು ಅವನ್ನು ಸೆಳೆಯುತ್ತದೆ. ನಡುವೆ ಸುತ್ತಿದ ತೆಳು ತಂತಿಯೇ ಗ್ರಿಡ್, ಅಂದರೆ ನಮ್ಮ ತೂಬು. ಮೈಕಿನಿಂದ ಬಂದ ಕೂದಲೆಳೆಯಷ್ಟು ವಿದ್ಯುತ್ತು ಗ್ರಿಡ್ಡಿನ ವೋಲ್ಟೇಜನ್ನು ಅಲುಗಿಸಿದರೆ ಪ್ಲೇಟಿನತ್ತ ಹರಿಯುವ ದೊಡ್ಡ ಹೊಳೆ ಅದೇ ಲಯದಲ್ಲಿ ಏರಿಳಿಯುತ್ತದೆ. 1904ರಲ್ಲಿ ಫ್ಲೆಮಿಂಗ್ ಮಾಡಿದ ವಾಲ್ವಿನಲ್ಲಿ ಈ ತೂಬು ಇರಲಿಲ್ಲ. 1906ರ ಸುಮಾರಿಗೆ ಅಮೆರಿಕದ ಲೀ ಡಿ ಫಾರೆಸ್ಟ್ ಅದನ್ನು ಸೇರಿಸಿದ. ರೇಡಿಯೊ, ಟಾಕೀಸು, ಮೈಕ್ ಸೆಟ್ಟು, ಗಿಟಾರಿನ ಆಂಪ್ಲಿಫೈಯರು ಎಲ್ಲವೂ ಆ ಒಂದು ತಂತಿಯ ಸಂತಾನ.

ಈಗ ಓದಲು ಕೂರೋಣ. ಬುರುಡೆಯ ಮೇಲಿನ ಅಕ್ಷರಗಳು ಸಂಕೇತ. ಇಸಿಸಿ 83 ಎಂದಿದ್ದರೆ ಇ ಅಂದರೆ ಹೀಟರಿಗೆ 6.3 ವೋಲ್ಟ್ ಸಾಕು, ಸಿ ಅಂದರೆ ಒಂದು ಟ್ರಯೋಡ್, ಅಂದರೆ ಮೇಲೆ ಹೇಳಿದ ಕ್ಯಾಥೋಡ್, ಗ್ರಿಡ್, ಪ್ಲೇಟು ಈ ಮೂರರ ಕೂಟ. ಎರಡು ಸಿ ಇರುವುದರಿಂದ ಒಂದೇ ಗಾಜಿನಲ್ಲಿ ಅವಳಿ ಟ್ರಯೋಡ್. 8 ಎಂಬುದು ಒಂಬತ್ತು ಕಾಲಿನ ಪೀಠದ ಗುರುತು. ಇದೇ ಬುರುಡೆಯನ್ನು ಅಮೆರಿಕದವರು 12ಎಎಕ್ಸ್7 ಎನ್ನುತ್ತಾರೆ. ಇಎಲ್ 84ರಲ್ಲಿ ಎಲ್ ಎಂದರೆ ಸ್ಪೀಕರನ್ನು ನಡೆಸುವಷ್ಟು ಶಕ್ತಿಯ ಪೆಂಟೋಡ್, ಅಂದರೆ ಅಂಥ ಐದು ಭಾಗಗಳ ವಾಲ್ವ್. ಇಎಲ್ 34ರ 3 ಎಂಟು ಕಾಲಿನ ಪೀಠವನ್ನು ಹೇಳುತ್ತದೆ. ಎಂಟು ಕಾಲಿನ ಪೀಠ ಬಂದದ್ದು 1935ರಲ್ಲಿ, ಒಂಬತ್ತು ಕಾಲಿನದು ಎರಡನೇ ಮಹಾಯುದ್ಧದ ನಂತರ. ನೆತ್ತಿಯ ಮೇಲೆ ಲೋಹದ ಟೋಪಿ ಇದ್ದು ಅದಕ್ಕೊಂದು ತಂತಿ ಸಿಕ್ಕಿಸಿದ್ದರೆ ಅದು 807 ಎಂಬ ವಾಲ್ವ್ ಇರಬಹುದು. ಆ ಟೋಪಿಯಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಆದರೆ ಬುರುಡೆಯನ್ನೊಂದೇ ನಂಬಿದರೆ ಮೋಸ ಹೋಗುತ್ತೇವೆ. ಅದು ಸವೆಯುವ, ಬದಲಾಗುವ ವಸ್ತು. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಂಪನಿ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿದ್ದು 1961ರಲ್ಲಿ. ಬುರುಡೆಯ ಮೇಲೆ ಬಿಇಎಲ್ ಎಂದು ಕಂಡರೆ ಆ ಬುರುಡೆ 1961ಕ್ಕಿಂತ ಹಳೆಯದಲ್ಲ, ಅಷ್ಟೇ. ಪೆಟ್ಟಿಗೆ ಅದಕ್ಕೂ ಹತ್ತು ವರ್ಷ ಹಿಂದಿನದಾಗಿದ್ದು, ಯಾರೋ ಮೆಕ್ಯಾನಿಕ್ಕು ಸ್ವದೇಶಿ ವಾಲ್ವ್ ಹಾಕಿರಬಹುದು. ಹಾಗಾಗಿ ಸಾಮಾನ್ಯವಾಗಿ ಬದಲಾಗದ ಭಾಗಗಳನ್ನು ನೋಡಬೇಕು: ಟ್ರಾನ್ಸ್‌ಫಾರ್ಮರು, ವಾಲ್ಯೂಮ್ ಕಂಟ್ರೋಲಿನ ಬೆನ್ನು, ಚಾಸಿಯ ರಂಧ್ರಗಳು. ಅಮೆರಿಕದ ಭಾಗಗಳ ಮೇಲೆ 606944 ಎಂಬಂಥ ಅಂಕಿ ಒತ್ತಿರುತ್ತಾರೆ. 606 ತಯಾರಕರ ಸಂಖ್ಯೆ, 9 ವರ್ಷದ ಕೊನೆಯ ಅಂಕಿ, 44 ವಾರ. ವರ್ಷ 1959 ಇರಬಹುದು, 1969 ಕೂಡ ಇರಬಹುದು. ಅದನ್ನು ಉಳಿದ ಭಾಗಗಳು ಹೇಳಬೇಕು. ಮೂಲ ಬೆಸುಗೆಯನ್ನು ಯಾರೂ ಮುಟ್ಟದ ಭಾಗಗಳಲ್ಲಿ ಯಾವುದು ತೀರ ಹೊಸದೋ ಅದಕ್ಕಿಂತ ಪೆಟ್ಟಿಗೆ ಹಳೆಯದಾಗಿರಲಾರದು. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ತರ್ಕ ಇದು.

ಹಿಂಬದಿಯನ್ನೂ ನೋಡಿ. ದೂರದ ಹಾರ್ನುಗಳಿಗೆ ದನಿ ಒಯ್ಯುವ 100 ವೋಲ್ಟ್ ಲೈನಿನ ಸ್ಕ್ರೂಗಳಿದ್ದರೆ, ಗ್ರಾಮಫೋನಿಗೊಂದು ಮೈಕಿಗೊಂದು ಎಂದು ಬೇರೆ ಬೇರೆ ತೂತುಗಳಿದ್ದರೆ ಅದು ಮೈಕ್ ಸೆಟ್ಟು. ಕೆಲವಕ್ಕೆ ಕಾರಿನ ಬ್ಯಾಟರಿ ಕಟ್ಟುವ ಟರ್ಮಿನಲ್ಲೂ ಇರುತ್ತದೆ. ಕರೆಂಟೇ ಇಲ್ಲದ ಊರಿನಲ್ಲಿ ನೂರಾರು ವೋಲ್ಟು ಹುಟ್ಟಿಸುತ್ತಿದ್ದದ್ದು ತಗಡಿನ ಡಬ್ಬಿಯೊಳಗಿನ ವೈಬ್ರೇಟರ್. ಒಂದು ಉಕ್ಕಿನ ನಾಲಗೆ ಸೆಕೆಂಡಿಗೆ ನೂರರಷ್ಟು ಬಾರಿ ಬಡಿದುಕೊಂಡು ಬ್ಯಾಟರಿಯ ನೇರ ವಿದ್ಯುತ್ತನ್ನು ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತಿತ್ತು. ಆ ಡಬ್ಬಿ ಇನ್ನೂ ಉಳಿದಿದ್ದರೆ ದಯವಿಟ್ಟು ಕಿತ್ತೆಸೆಯಬೇಡಿ.

ಗಿಟಾರಿನ ಆಂಪ್ಲಿಫೈಯರಾದರೆ ಸಾಮಾನ್ಯವಾಗಿ ಮರದ ಪೆಟ್ಟಿಗೆಯೊಳಗೇ ಸ್ಪೀಕರು, ಅಥವಾ ಅದಕ್ಕಾಗಿಯೇ ಬೇರೆ ಪೆಟ್ಟಿಗೆ. ಸ್ವರ ತಿದ್ದುವ ಗುಬುಟುಗಳೂ ಹೆಚ್ಚು. ಮೈಕ್ ಸೆಟ್ಟಿಗೂ ಅದಕ್ಕೂ ಒಳಗಿನ ನಂಟು ಮಾತ್ರ ಬಹಳ ಹತ್ತಿರದ್ದು, ಎರಡನ್ನೂ ನಡೆಸುವುದು ವಾಲ್ವೇ. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಲ್ಲಿ ಹುಟ್ಟಿದ, ಇಂದು ಸಂಗ್ರಾಹಕರು ಹುಡುಕುವ ಜೆಟಿಎಂ 45, ಅಮೆರಿಕದ ಫೆಂಡರ್ ಬಾಸ್‌ಮನ್ನಿನ ಜಾಡಿನಲ್ಲಿ ಕಟ್ಟಿದ್ದು. ಬ್ರಿಟನ್ನಿನಲ್ಲಿ ಸಿಗುವ ಭಾಗಗಳನ್ನು ಹಾಕಿದ್ದರಿಂದ ದನಿಯೇ ಬೇರೆಯಾಯಿತು. ಅದೇ 1962ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸಲು ತೊಡಗಿತು. ನಮ್ಮ ವಾಲ್ವಿನ ಬದುಕು ಶುರುವಾದ ಮರುವರ್ಷವೇ ಅದನ್ನು ಹಿಂದೆ ಹಾಕಲಿರುವ ಟ್ರಾನ್ಸಿಸ್ಟರಿನ ಕುಲ ಪಕ್ಕದಲ್ಲಿ ಕಣ್ಣುಬಿಟ್ಟಿತು.

ಹಾಗಾದರೆ ಗಿಟಾರಿನವರು ವಾಲ್ವನ್ನು ಬಿಡಲಿಲ್ಲವೇಕೆ? ದನಿ ಮಿತಿ ಮೀರಿದಾಗ ವಾಲ್ವು ಅದನ್ನು ಕೊಡಲಿಯಿಂದ ಕಡಿದಂತೆ ಕತ್ತರಿಸುವುದಿಲ್ಲ, ತಲೆಯನ್ನು ದುಂಡಗೆ ಒತ್ತುತ್ತದೆ. ಆಗ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು ಕಂಪನದ ಉಪಸ್ವರಗಳೂ ಹೊರಡುತ್ತವೆ. ಭೀಮನ ಪಾತ್ರಧಾರಿ ಮೈಕಿನ ಹತ್ತಿರ ಬಂದು ಅಬ್ಬರಿಸಿದಾಗ ಹಾರ್ನು ಒಡಕು ದನಿ ಮಾಡಿದರೆ ಮೈಕ್ ಸೆಟ್ಟಿನವರು ಓಡಿಬಂದು ವಾಲ್ಯೂಮ್ ಇಳಿಸುವರು. ಗಿಟಾರಿನವರು ಬೇಕೆಂದೇ ಏರಿಸುವುದು ಆ ಒಡಕಿಗಾಗಿ. ಹಳೆಯ ಮೈಕ್ ಸೆಟ್ಟುಗಳನ್ನು ಹುಡುಕಿ ಗಿಟಾರಿಗೆ ಹೊಂದಿಸಿಕೊಳ್ಳುವವರು ಜಗತ್ತಿನಾದ್ಯಂತ ಇರುವುದೂ ಇದೇ ಕಾರಣಕ್ಕೆ.

ಕುತೂಹಲಕ್ಕೆ ನೇರವಾಗಿ ಪ್ಲಗ್ ಹಾಕಬೇಡಿ. ವರ್ಷಗಟ್ಟಲೆ ಒಣಗಿದ ಕಂಡೆನ್ಸರುಗಳು ಸಿಡಿಯಬಹುದು. ಪ್ಲಗ್ ತೆಗೆದ ಮೇಲೂ ಅವುಗಳಲ್ಲಿ ಮುನ್ನೂರು ನಾನೂರು ವೋಲ್ಟು ಉಳಿದಿರಬಹುದು. ಮೊದಲು ಮುಚ್ಚಳ ಬಿಚ್ಚಿ, ಏನನ್ನೂ ಮುಟ್ಟದೆ ಪ್ರತಿ ಭಾಗದ ಫೋಟೊ ತೆಗೆಯಿರಿ. ಚಾಸಿಯ ಒಳಗೆ ರಿಪೇರಿ ಮಾಡಿದವರು ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದರೆ ಅದನ್ನು ಒರೆಸಬೇಡಿ. ಆಮೇಲೆ ವಾಲ್ವ್ ರೇಡಿಯೊ ಕಾಲದ ಕೈಪಳಗಿದ ಮೆಕ್ಯಾನಿಕ್ಕಿಗೆ ತೋರಿಸಿ. ಅವರು ಕಂಡೆನ್ಸರುಗಳನ್ನು ಪರೀಕ್ಷಿಸಿ, ಬೇಕಾದವನ್ನು ಬದಲಾಯಿಸಿ, ಹಾರ್ನು ಜೋಡಿಸಿ, ಲೈನಿಗೆ ಸೀರೀಸ್ ಬಲ್ಬ್ ಹಾಕಿಯೇ ಸ್ವಿಚ್ ಒತ್ತುತ್ತಾರೆ. ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ. ಮೊದಲು ಬೆಳಗಿ ಮೆಲ್ಲನೆ ಮಂಕಾದರೆ ಕಾಯಬಹುದು. ಅರ್ಧ ನಿಮಿಷಕ್ಕೆ ಗಾಜಿನೊಳಗೆ ಕಿತ್ತಳೆ ಬೆಳಕು ಮೂಡುತ್ತದೆ, ಹಾರ್ನಿನಿಂದ ಸಣ್ಣಗೆ ಗುಂಯ್ ಎಂಬ ಸದ್ದು ಬರುತ್ತದೆ.