ಕಾಲಿನ ಮಾಯದ ಹುಣ್ಣು: ಉಪೇಕ್ಷೆ ಸಲ್ಲದು

ಕಾಲಿನ ಹುಣ್ಣನ್ನು ದೊಡ್ಡ ರೋಗವೆಂದು ಭಾವಿಸುವವರು ನಮ್ಮಲ್ಲಿ ಕಡಿಮೆ. ತೋಟದಲ್ಲಿ ಕತ್ತಿ ತಾಗಿದ ಗಾಯ, ಹಂಡೆಯ ಬಿಸಿನೀರು ಚೆಲ್ಲಿ ಸುಟ್ಟ ಕಲೆ, ಉಬ್ಬಿದ ರಕ್ತನಾಳದ ಮೇಲೆ ಎದ್ದ ವ್ರಣ ಇವೆಲ್ಲ ಪಂಚೆ, ಸೀರೆಗಳ ಮರೆಯಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತವೆ. ಎಣ್ಣೆ, ಮುಲಾಮು, ಸೊಪ್ಪಿನ ರಸ ಎಂದು ದಿನ ದೂಡುತ್ತೇವೆ. ಇಂಥ ಹುಣ್ಣುಗಳಲ್ಲಿ ಹೆಚ್ಚಿನವು ಅಪಾಯಕಾರಿಯಲ್ಲ. ಆದರೆ ಕೆಲವು ಹುಣ್ಣುಗಳು ಕಾಲಾಂತರದಲ್ಲಿ ಕ್ಯಾನ್ಸರಿಗೆ ತಿರುಗುತ್ತವೆಂಬುದು ವೈದ್ಯಶಾಸ್ತ್ರ ಬಹುಕಾಲದಿಂದ ಬಲ್ಲ ಸಂಗತಿ. ಸಕಾಲದಲ್ಲಿ ಗುರುತಿಸಿದರೆ ಕಾಲೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ತಡಮಾಡಿದರೆ ಎರಡಕ್ಕೂ ಸಂಚಕಾರ.

ಹಳೆಯ ಕಲೆಯಲ್ಲಿ ಹೊಸ ರೋಗ

ಹಳೆಯ ವ್ರಣಗಳಲ್ಲಿ ಮಾಂಸ ಬೆಳೆದು ಗಂಟಾಗುವುದನ್ನು ಫ್ರಾನ್ಸಿನ ಶಸ್ತ್ರವೈದ್ಯ ಜಾನ್ ನಿಕೊಲಾ ಮಾರ್ಜೊಲಿನ್ 1828ರಲ್ಲಿ ಬಣ್ಣಿಸಿದರು. ಅದು ಕ್ಯಾನ್ಸರೆಂದು ಖಚಿತಪಡಿಸಿದವರು ಅವರ ಅನಂತರದವರು. ಆದರೂ ಇಂದಿಗೂ ಅದಕ್ಕೆ ‘ಮಾರ್ಜೊಲಿನ್ ವ್ರಣ’ವೆಂದೇ ಹೆಸರು. ಸುಟ್ಟ ಕಲೆ, ಎಲುಬಿನ ಕೀವು ಸೋರುವ ರಂಧ್ರ, ಮಾಯದ ಕಾಲುಹುಣ್ಣು ಇವು ಅದರ ಹುಟ್ಟುನೆಲ. ದೇಹದ ಬೇರೆ ಭಾಗಗಳಿಗಿಂತ ಕಾಲಿನಲ್ಲೇ ಇದು ಹೆಚ್ಚು. ಬಾಲ್ಯದಲ್ಲಿ ಸುಟ್ಟ ಜಾಗದಲ್ಲಿ ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ ರೋಗ ಹುಟ್ಟಬಹುದು. ಆದ್ದರಿಂದ ‘ಇದು ಹಳೆಯ ಕಲೆ, ಏನೂ ಆಗದು’ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ನಮ್ಮ ದೇಶದಲ್ಲೇ ಇದಕ್ಕೆ ಸಮೀಪದ ಒಂದು ಉದಾಹರಣೆಯಿದೆ. ಕಾಶ್ಮೀರದವರು ಚಳಿಗಾಲದಲ್ಲಿ ಕಾಂಗ್ಡಿಯೆಂಬ ಕೆಂಡದ ಮಡಕೆಯನ್ನು ನಿಲುವಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ವರ್ಷವರ್ಷವೂ ಅದೇ ಕಾವು ತಾಗಿದ ಹೊಟ್ಟೆ, ತೊಡೆ, ಕಾಲುಗಳ ಚರ್ಮದಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವುದನ್ನು ಮಿಷನರಿ ವೈದ್ಯ ಎಲ್ಮ್‌ಸ್ಲಿ 1866ರಲ್ಲೇ ದಾಖಲಿಸಿದ್ದರು. ಚರ್ಮಕ್ಕೆ ಮತ್ತೆ ಮತ್ತೆ ಆಗುವ ಗಾಯ, ಮತ್ತೆ ಮತ್ತೆ ನಡೆಯುವ ದುರಸ್ತಿ ಇವುಗಳ ನಡುವೆ ಜೀವಕೋಶಗಳು ಹದ ತಪ್ಪುತ್ತವೆ.

ಯಾವ ಹುಣ್ಣನ್ನು ಸಂಶಯಿಸಬೇಕು?

ಮೂರು ತಿಂಗಳು ಕಳೆದರೂ ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು. ಅಂಚು ದಪ್ಪಗೆ ಎದ್ದು ಹೊರಕ್ಕೆ ಮಗುಚಿಕೊಂಡು ಗಟ್ಟಿಯಾಗುವುದು, ಹೂಕೋಸಿನಂತೆ ಮಾಂಸ ಬೆಳೆಯುವುದು, ಬಟ್ಟೆ ಸವರಿದರೂ ರಕ್ತ ಬರುವುದು, ದುರ್ವಾಸನೆ, ಹಿಂದೆ ಇಲ್ಲದ ನೋವು ಇವು ಎಚ್ಚರಿಕೆಯ ಚಿಹ್ನೆಗಳು. ತೊಡೆಯ ಸಂದಿನಲ್ಲಿ ಗಂಟು ಕೈಗೆ ತಾಗಿದರೆ ಒಂದು ದಿನವೂ ತಡಮಾಡಬಾರದು. ಆ ಗಂಟು ಬರಿಯ ನಂಜಿನಿಂದಲೂ ಆಗಿರಬಹುದು. ಯಾವುದೆಂದು ಪರೀಕ್ಷೆಯೇ ಹೇಳಬೇಕು.

ಕರಿಮಚ್ಚೆಯ ಕ್ಯಾನ್ಸರ್, ಅಂದರೆ ಮೆಲನೋಮಾ, ಬೇರೆಯೇ ಜಾತಿ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಅದು ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲಿನಲ್ಲಿ ಇಲ್ಲವೆ ಉಗುರಿನ ಅಡಿಯಲ್ಲಿ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲೆಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಈ ರೋಗ ಪತ್ತೆಯಾಯಿತು. ಬೆರಳು ತೆಗೆಸಲು ಅವರು ಒಪ್ಪಲಿಲ್ಲ. ರೋಗ ದೇಹಕ್ಕೆ ಹರಡಿ 1981ರಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂಗಾಲಿನಲ್ಲಿ ಹೊಸದಾಗಿ ಕಂಡು ಹರಡುವ ಕಪ್ಪು ಕಲೆ, ಉಗುರಿನಲ್ಲಿ ಅಗಲವಾಗುತ್ತ ಹೋಗುವ ಕಪ್ಪು ಗೆರೆ ಇದ್ದರೆ ತೋರಿಸಿಬಿಡುವುದು ಲೇಸು.

ಬಯಾಪ್ಸಿಯ ಭಯ ಬೇಡ

ಕಣ್ಣಿಗೆ ಕಂಡದ್ದನ್ನು ಖಚಿತಪಡಿಸುವುದು ಸೂಕ್ಷ್ಮದರ್ಶಕ. ಹುಣ್ಣಿನ ಸುತ್ತ ಚುಚ್ಚುಮದ್ದು ಕೊಟ್ಟು ಮರಗಟ್ಟಿಸಿ, ಅಂಚಿನಿಂದ ಸಣ್ಣ ಚೂರನ್ನು ಕತ್ತರಿಸಿ ತೆಗೆಯುತ್ತಾರೆ. ಹುಣ್ಣಿನ ನಡುಭಾಗದಲ್ಲಿ ಸತ್ತ ಮಾಂಸವೇ ಹೆಚ್ಚಿರುವುದರಿಂದ ಅಲ್ಲಿಯ ಚೂರು ದಾರಿ ತಪ್ಪಿಸಬಹುದು. ಹುಣ್ಣು ದೊಡ್ಡದಾದರೆ ನಾಲ್ಕಾರು ಕಡೆಯಿಂದ ತೆಗೆಯುವುದುಂಟು. ಆ ಚೂರನ್ನು ಫಾರ್ಮಲಿನ್ ದ್ರವದಲ್ಲಿಟ್ಟು, ಮೇಣದಲ್ಲಿ ಕೂರಿಸಿ, ಕೂದಲೆಳೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡುತ್ತಾರೆ.

‘ಕತ್ತಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ಈ ಚರ್ಮದ ಹುಣ್ಣುಗಳ ಮಟ್ಟಿಗೆ ಅದು ತಪ್ಪು ತಿಳುವಳಿಕೆ. ರೋಗ ಬಹಳ ಮುಂದುವರಿದ ಮೇಲೆ ಆಸ್ಪತ್ರೆ ಸೇರಿದವರ ಸ್ಥಿತಿ ಕಂಡು ಹುಟ್ಟಿದ ಮಾತದು. ಬಯಾಪ್ಸಿಯಲ್ಲಿ ಒಮ್ಮೆ ಕ್ಯಾನ್ಸರಿಲ್ಲವೆಂದು ಬಂದು, ಹುಣ್ಣು ಮಾತ್ರ ಬೆಳೆಯುತ್ತಲೇ ಇದ್ದರೆ ಮತ್ತೊಮ್ಮೆ ಮಾಡಿಸಬೇಕು. ಕಾಲಿನ ಎಲುಬಿಗೆ ರೋಗ ತಾಗಿದೆಯೇ ಎಂದು ತಿಳಿಯಲು ಎಕ್ಸ್‌ರೇ, ಅಗತ್ಯವಾದರೆ ಎಂ.ಆರ್.ಐ. ಪರೀಕ್ಷೆ ನಡೆಸುತ್ತಾರೆ. ತೊಡೆಸಂದಿನ ಗಂಟಿಗೆ ಸೂಜಿ ಹಾಕಿ ಪರೀಕ್ಷಿಸುತ್ತಾರೆ.

ಶಸ್ತ್ರಚಿಕಿತ್ಸೆ ಹೇಗೆ?

ಚರ್ಮದ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಹುಣ್ಣನ್ನು ಮಾತ್ರ ಕೆತ್ತಿ ತೆಗೆದರೆ ಸಾಲದು. ಅದರ ಸುತ್ತಲೂ ಆರೋಗ್ಯವಂತ ಚರ್ಮದ ಒಂದು ಬೇಲಿಯನ್ನೂ ಸೇರಿಸಿ ತೆಗೆಯಬೇಕು. ಸಣ್ಣದಾದ, ಅಪಾಯ ಕಡಿಮೆಯ ಗಂಟಾದರೆ 4ರಿಂದ 6 ಮಿಲಿಮೀಟರ್ ಬೇಲಿ ಸಾಕಾಗುತ್ತದೆ. ಹಳೆಯ ಕಲೆಯಲ್ಲಿ ಹುಟ್ಟಿದ್ದಕ್ಕೆ ಸಾಮಾನ್ಯವಾಗಿ 2 ಸೆಂಟಿಮೀಟರಿನಷ್ಟು ಬಿಡುತ್ತಾರೆ, ಏಕೆಂದರೆ ಅದರ ಸ್ವಭಾವ ಹೆಚ್ಚು ಉಗ್ರ. ತೆಗೆದ ಭಾಗದ ಅಂಚುಗಳಲ್ಲಿ ರೋಗ ಉಳಿದಿಲ್ಲವೆಂದು ಪ್ರಯೋಗಾಲಯದ ವರದಿ ಬಂದ ಮೇಲೆಯೇ ನೆಮ್ಮದಿ.

ಕಾಲಿನ ವಿಶೇಷ ಕಷ್ಟ ಇನ್ನೊಂದಿದೆ. ಹೊಟ್ಟೆಯ ಚರ್ಮದಂತೆ ಕಾಲಿನ ಮುಂಭಾಗದ ಚರ್ಮ ಸಡಿಲವಲ್ಲ, ಎಲುಬಿನ ಮೇಲೆ ಬಿಗಿಯಾಗಿ ಕೂತಿದೆ. ಆದ್ದರಿಂದ ದೊಡ್ಡ ಗಾಯವನ್ನು ಎಳೆದು ಹೊಲಿಯಲು ಬಾರದು. ಆಗ ಬರುವುದು ಚರ್ಮದ ಕಸಿ. ತೊಡೆಯಿಂದ ತೆಳುವಾದ ಚರ್ಮದ ಪದರವನ್ನು ಹೆರೆದು ತಂದು ಗಾಯದ ಮೇಲೆ ಹಾಸುತ್ತಾರೆ. ಗಿಡದ ಕಸಿಯಂತೆ ಇದೂ ತಳದಿಂದ ಪೋಷಣೆ ಪಡೆದೇ ಬದುಕಬೇಕು. ಬರಿಯ ಎಲುಬಿನ ಮೇಲೆ ಅದು ಹಿಡಿಯದು. ಎಲುಬು ತೆರೆದುಕೊಂಡಿದ್ದರೆ ರಕ್ತನಾಳ ಸಹಿತವಾದ ಸ್ನಾಯುವನ್ನೇ ಹೊರಳಿಸಿ ಮುಚ್ಚುತ್ತಾರೆ. ಮೊಣಕಾಲ ಹತ್ತಿರದ ಗಾಯಕ್ಕೂ ನಡುಭಾಗದ ಗಾಯಕ್ಕೂ ಮೀನಖಂಡದ ಸ್ನಾಯುಗಳು ಒದಗುತ್ತವೆ. ಪಾದದ ಹತ್ತಿರದ್ದಕ್ಕೆ ಅನೇಕ ಸಲ ದೂರದಿಂದ ಮಾಂಸಖಂಡವನ್ನು ತಂದು ರಕ್ತನಾಳ ಜೋಡಿಸಬೇಕಾಗುತ್ತದೆ.

ಕಸಿಯಾದ ಮೇಲೆ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟು ಮಲಗಬೇಕು. ಐದಾರು ದಿನಗಳಲ್ಲಿ ಪಟ್ಟಿ ಬಿಚ್ಚಿ ನೋಡುತ್ತಾರೆ. ಅದಕ್ಕೆ ಮೊದಲೇ ಕಾಲು ಇಳಿಬಿಟ್ಟು ಓಡಾಡಿದರೆ ಕಸಿ ಜಾರಿಹೋಗುತ್ತದೆ. ಬೀಡಿ, ಸಿಗರೇಟು ರಕ್ತ ಹರಿಯುವುದನ್ನು ಕುಗ್ಗಿಸಿ ಕಸಿಯನ್ನು ಕೆಡಿಸುತ್ತವೆ. ಸಕ್ಕರೆ ಕಾಯಿಲೆಯವರು ಅದನ್ನು ಹತೋಟಿಯಲ್ಲಿಡಲೇಬೇಕು. ತೊಡೆಯ ಗಾಯ ಸುಮಾರು ಎರಡು ವಾರಗಳಲ್ಲಿ ಮಾಯುತ್ತದೆ.

ಎಲುಬಿನ ಆಳಕ್ಕೆ ರೋಗ ಇಳಿದಿದ್ದರೆ ಕಾಲನ್ನೇ ತೆಗೆಯಬೇಕಾದ ಪ್ರಸಂಗವೂ ಬರುತ್ತದೆ. ಅದು ಬದುಕಿನ ಕೊನೆಯೇನಲ್ಲ. ಜೈಪುರದಲ್ಲಿ 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಠಿ ರೂಪಿಸಿದ ಜೈಪುರ ಕಾಲನ್ನು ತೊಟ್ಟವರು ಬರಿಗಾಲಲ್ಲೇ ನಡೆಯುತ್ತಾರೆ, ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ, ಗದ್ದೆಗೂ ಇಳಿಯುತ್ತಾರೆ.

ತಿಳಿದು ಸಹಿ ಹಾಕಿ

ನಮ್ಮ ಜಿಲ್ಲೆಯ ಕನ್ನಡ, ತುಳು ಮನೆಮಾತಿನ ಹಿರಿಯರಿಗೆ ಇನ್ನೊಂದು ತೊಡಕಿದೆ. ತಲಶ್ಶೇರಿ ಬಳಿಯ ಕೋಡಿಯೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರಿಗೋ ಹೋದರೆ ಅಲ್ಲಿಯ ಮಾತು ಮಲಯಾಳ. ಮಂಗಳೂರು, ಮಣಿಪಾಲಗಳಿಗೆ ಹೋದರೂ ವರದಿಗಳಿರುವುದು ಇಂಗ್ಲಿಷಿನಲ್ಲಿ. ಮಲಯಾಳದ ಫಲಕಗಳಲ್ಲಿ ಕಾಣುವ ‘ಅರ್ಬುದಂ’ ನಮ್ಮ ಅರ್ಬುದ ರೋಗವೇ, ‘ವ್ರಣಂ’ ನಮ್ಮ ವ್ರಣವೇ. ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವ ‘ಸಮ್ಮತಪತ್ರಂ’ ಎಂದರೆ ಒಪ್ಪಿಗೆ ಪತ್ರ. ಅದನ್ನು ಓದಬಲ್ಲ ಮಗನನ್ನೋ ಮೊಮ್ಮಗಳನ್ನೋ ನೆರೆಯವರನ್ನೋ ಜತೆಗೆ ಕರೆದೊಯ್ಯಿರಿ. ಎಷ್ಟು ತೆಗೆಯುತ್ತಾರೆ, ಕಸಿ ಬೇಕೇ, ಕಾಲು ತೆಗೆಯುವ ಸಾಧ್ಯತೆಯಿದೆಯೇ, ತೆಗೆಯದಿದ್ದರೆ ಏನಾದೀತು ಎಂಬ ನಾಲ್ಕು ಪ್ರಶ್ನೆ ಕೇಳಿರಿ. ಇದು ವೈದ್ಯರನ್ನು ಅವಿಶ್ವಾಸದಿಂದ ಕಂಡಂತಲ್ಲ, ರೋಗಿಯ ಹಕ್ಕು. ಅರ್ಥವಾಗದೆ ಹೆಬ್ಬೆಟ್ಟು ಒತ್ತಿದವರು ಅರ್ಧದಲ್ಲೇ ಚಿಕಿತ್ಸೆ ಬಿಟ್ಟು ಮನೆಗೆ ಬರುವುದೂ ಉಂಟು, ಅದರಿಂದ ನಷ್ಟ ರೋಗಿಗೇ.

ಬಯಾಪ್ಸಿಯ ಮೂಲ ವರದಿಯನ್ನು ಜೋಪಾನವಾಗಿಡಿರಿ, ಆಸ್ಪತ್ರೆ ಬದಲಿಸಿದರೂ ಅದು ಬೇಕು. ರೋಗ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲೇ. ಆದ್ದರಿಂದ ಗಾಯ ಮಾಯಿತೆಂದು ತಪಾಸಣೆ ತಪ್ಪಿಸಬಾರದು. ಮನೆಯ ಹಿರಿಯರು ಸಂಕೋಚದಿಂದ ಕಾಲು ಮರೆಮಾಡುತ್ತಾರೆ. ಮಿಂದು ಬಂದಾಗ ಒಮ್ಮೆ ಅವರ ಕಾಲು, ಅಂಗಾಲು, ಉಗುರುಗಳನ್ನು ಬೆಳಕಿನಲ್ಲಿ ನೋಡುವ ಕೆಲಸವನ್ನು ಮಕ್ಕಳು, ಸೊಸೆಯಂದಿರು ವಹಿಸಿಕೊಂಡರೆ ಎಷ್ಟೋ ಕಾಲುಗಳು ಉಳಿದಾವು.