ಮಂದ ಬೆಳಕಿಗೆ ಎರಡನೆಯ ಕ್ಯಾಮೆರಾ: ಕೊಳ್ಳುವ ಮುನ್ನ ಒಂದು ಲೆಕ್ಕ

ಎರಡು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಸ್ಟುಡಿಯೋ ಮಾಲೀಕರೊಬ್ಬರು ದರಪಟ್ಟಿಯೊಂದನ್ನು ಹಿಡಿದು ನಮ್ಮ ಕಚೇರಿಗೆ ಬಂದರು. ತಂದೆಯ ಕಾಲದಿಂದ ನಡೆದುಬಂದ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶಗಳೇ ಅವರ ಮುಖ್ಯ ಆದಾಯ. ದರಪಟ್ಟಿಯಲ್ಲಿದ್ದುದು ಒಂದು ಫುಲ್ ಫ್ರೇಮ್ ಕ್ಯಾಮೆರಾ ಬಾಡಿ. ಬೆಲೆ 2 ಲಕ್ಷ ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. "ಸಾರ್, 31ರೊಳಗೆ ಬಿಲ್ ಮಾಡಿಸಿದರೆ ತೆರಿಗೆ ಉಳಿಯುತ್ತದಲ್ಲವೇ?" ಎಂಬುದು ಅವರ ಮೊದಲ ಪ್ರಶ್ನೆ.

ನಿಜವಾದ ಕಾರಣ ಬೇರೆ ಇತ್ತು. ಹಿಂದಿನ ತಿಂಗಳು ಹಳೆಯ ಛತ್ರವೊಂದರಲ್ಲಿ ಬೆಳಗಿನ ಜಾವದ ಮುಹೂರ್ತ. ಮಂಟಪಕ್ಕೆ ಎರಡು ಟ್ಯೂಬ್‌ಲೈಟುಗಳ ಬೆಳಕು ಮಾತ್ರ. ಚಿತ್ರಗಳೆಲ್ಲ ಮರಳು ಎರಚಿದಂತೆ ಚುಕ್ಕೆಚುಕ್ಕೆಯಾಗಿ ಬಂದವು. ಸಾಲದೆಂಬಂತೆ ಧಾರೆಯ ಹೊತ್ತಿಗೆ ಕ್ಯಾಮೆರಾ ಕೈಕೊಟ್ಟಿತು. ಗೆಳೆಯರೊಬ್ಬರ ಕ್ಯಾಮೆರಾ ತರಿಸುವಷ್ಟರಲ್ಲಿ ಧಾರೆ ಮುಗಿದಿತ್ತು. ಧಾರೆಯನ್ನು ಛಾಯಾಗ್ರಾಹಕನಿಗಾಗಿ ಇನ್ನೊಮ್ಮೆ ಎರೆಸಲಾಗದು. ವಧುವಿನ ಕಡೆಯವರು ಬಾಕಿ 40,000 ರೂಪಾಯಿಯನ್ನು ಕೊಡಲು ನಿರಾಕರಿಸಿದರು.

ಹವ್ಯಾಸಿ ಛಾಯಾಗ್ರಾಹಕನೂ ಆಗಿರುವುದರಿಂದ ನಾನು ಆ ದರಪಟ್ಟಿಯನ್ನು ಎರಡು ಕಣ್ಣುಗಳಿಂದ ನೋಡಬೇಕಾಯಿತು. ನಮ್ಮ ಸಂಸ್ಥೆಯ ಸದಸ್ಯರಲ್ಲಿ ಸ್ಟುಡಿಯೋ ನಡೆಸುವವರು ಕೆಲವರೇ ಇರಬಹುದು. ಆದರೆ ಎರಡನೆಯ ಯಂತ್ರವನ್ನು ಕೊಳ್ಳಬೇಕೇ ಎಂಬ ಪ್ರಶ್ನೆ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವಂಥದು. ಆದ್ದರಿಂದ ಅಂದು ಮಾಡಿದ ಲೆಕ್ಕವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಎರಡು ತೊಂದರೆ, ಎರಡು ಪರಿಹಾರ

ಆ ಮುಹೂರ್ತದಂದು ಆದದ್ದು ಒಂದು ತೊಂದರೆಯಲ್ಲ, ಎರಡು. ಮೊದಲನೆಯದು, ಇದ್ದ ಒಂದೇ ಯಂತ್ರ ನಿಂತಾಗ ಬದಲಿ ಇಲ್ಲದಿದ್ದುದು. ಎರಡನೆಯದು, ಬೆಳಕು ಸಾಲದಿದ್ದುದು. ಮೊದಲನೆಯದಕ್ಕೆ ಬೇಕಾದದ್ದು ನಂಬಿಕೆಗೆ ಅರ್ಹವಾದ, ಈಗಿರುವ ಲೆನ್ಸು, ಬ್ಯಾಟರಿ, ಮೆಮೊರಿ ಕಾರ್ಡುಗಳಿಗೆ ಹೊಂದುವ ಯಾವುದಾದರೊಂದು ಬಾಡಿ. ಅದು ಅತ್ಯಾಧುನಿಕವಾಗಿರಬೇಕಿಲ್ಲ. ಎರಡನೆಯದಕ್ಕೆ ಬೇಕಾದದ್ದು ಹೆಚ್ಚು ಬೆಳಕನ್ನು ಹಿಡಿಯುವ ಸಾಮರ್ಥ್ಯ. ಅದು ಬಾಡಿಯಿಂದಲೇ ಬರಬೇಕೆಂದೇನೂ ಇಲ್ಲ. ಎರಡನ್ನೂ ಒಂದೇ ಖರೀದಿಯಲ್ಲಿ ಪರಿಹರಿಸಿಕೊಳ್ಳುವ ಅವಸರದಲ್ಲಿ ಅನೇಕರು ಅಗತ್ಯಕ್ಕಿಂತ ದುಬಾರಿಯಾದ ಯಂತ್ರವನ್ನು ಕೊಳ್ಳುತ್ತಾರೆ.

ಬೆಳಕಿನ ಲೆಕ್ಕ

ಮಂದ ಬೆಳಕಿನಲ್ಲಿ ಚಿತ್ರ ಏಕೆ ಚುಕ್ಕೆಚುಕ್ಕೆಯಾಗುತ್ತದೆ ಎಂಬುದನ್ನು ವ್ಯಾಪಾರಿಗಳಿಗೆ ಸುಲಭವಾಗಿ ಹೇಳಬಹುದು. ದಿನಕ್ಕೆ ಸರಾಸರಿ 100 ಗಿರಾಕಿಗಳು ಯಾವುದೇ ಕಟ್ಟುಪಾಡಿಲ್ಲದೆ ತಮ್ಮಷ್ಟಕ್ಕೆ ಬರುವ ಅಂಗಡಿಯಲ್ಲಿ ದಿನದಿಂದ ದಿನಕ್ಕೆ ಹತ್ತರಷ್ಟು ಏರಿಳಿತ ಸಹಜ, ಅಂದರೆ ಶೇ. 10. ಗಿರಾಕಿಗಳು 10,000 ಆದರೆ ಏರಿಳಿತ 100ರಷ್ಟು, ಅಂದರೆ ಶೇ. 1 ಮಾತ್ರ. ಏರಿಳಿತ ವರ್ಗಮೂಲದ ಪ್ರಮಾಣದಲ್ಲಿ ಬೆಳೆಯುತ್ತದೆ. ಬೆಳಕಿನ ಕಣಗಳೂ ಹೀಗೆಯೇ ಸೆನ್ಸರ್ ಮೇಲೆ ಬೀಳುತ್ತವೆ. ಕಣಗಳು ಕಡಿಮೆಯಾದಷ್ಟೂ ಅಕ್ಕಪಕ್ಕದ ಬಿಂದುಗಳ ನಡುವಿನ ಏರಿಳಿತ ಎದ್ದು ಕಾಣುತ್ತದೆ. ಇದನ್ನೇ ಛಾಯಾಗ್ರಾಹಕರು ನಾಯ್ಸ್ ಎನ್ನುವುದು. ಐಎಸ್‌ಒ ಅಂಕಿಯನ್ನು ಏರಿಸಿದರೆ ಚಿತ್ರ ಬೆಳ್ಳಗಾಗುತ್ತದೆಯೇ ಹೊರತು ಬಂದ ಬೆಳಕು ಹೆಚ್ಚಾಗುವುದಿಲ್ಲ. ಬೆಳಕನ್ನು ಹೆಚ್ಚಿಸಬೇಕಾದರೆ ಮಾರ್ಗಗಳು ನಾಲ್ಕೇ: ದೀಪ ಅಥವಾ ಫ್ಲ್ಯಾಷ್, ನಿಧಾನಗತಿಯ ಷಟರ್, ದೊಡ್ಡ ಅಪರ್ಚರಿನ ಲೆನ್ಸ್, ದೊಡ್ಡ ಸೆನ್ಸರ್.

ಈಗ ಅಂಕಿಗಳನ್ನು ನೋಡೋಣ. ಫುಲ್ ಫ್ರೇಮ್ ಸೆನ್ಸರಿನ ಅಳತೆ 36 × 24 ಮಿ.ಮೀ.; ವಿಸ್ತೀರ್ಣ 864 ಚದರ ಮಿ.ಮೀ. ನಮ್ಮ ಸ್ಟುಡಿಯೋ ಮಾಲೀಕರಲ್ಲಿದ್ದ ಎಪಿಎಸ್-ಸಿ ಸೆನ್ಸರ್ ಸುಮಾರು 23.5 × 15.6 ಮಿ.ಮೀ.; ವಿಸ್ತೀರ್ಣ ಸುಮಾರು 367. ಅಂದರೆ ಹೊಸ ಬಾಡಿಯಿಂದ ಸಿಗುವ ಲಾಭ ಸುಮಾರು 2.4 ಪಟ್ಟು. ಇನ್ನು ಲೆನ್ಸ್. ಅವರು ಬಳಸುತ್ತಿದ್ದುದು ಕ್ಯಾಮೆರಾದ ಜೊತೆಗೇ ಬಂದ ಜೂಮ್ ಲೆನ್ಸ್. ಹತ್ತಿರಕ್ಕೆ ಎಳೆದಾಗ ಅದರ ಅಪರ್ಚರ್ ಎಫ್ 5.6. ಅದರ ಬದಲು ಎಫ್ 1.8ರ 50 ಮಿ.ಮೀ. ಲೆನ್ಸನ್ನು ಹಾಕಿದರೆ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಎಫ್ 2.8ರ ದುಬಾರಿ ಜೂಮ್ ಇರುವವರಿಗೂ ಎಫ್ 1.8ರಿಂದ ಸಿಗುವ ಲಾಭ ಸುಮಾರು 2.4 ಪಟ್ಟು, ಅಂದರೆ ಸೆನ್ಸರ್ ಬದಲಿಸಿದಷ್ಟೇ. ಆ ಲೆನ್ಸಿನ ಬೆಲೆಯಾದರೋ ಬಾಡಿಯ ಬೆಲೆಯ ಒಂದು ಸಣ್ಣ ಅಂಶ ಮಾತ್ರ.

ಹಾಗೆಂದು ಲೆನ್ಸೇ ಸರ್ವರೋಗ ನಿವಾರಕವಲ್ಲ. ಎಫ್ 1.8ರಲ್ಲಿ ವಧುವಿನ ಕಣ್ಣು ಸ್ಫುಟವಾಗಿದ್ದರೆ ಹಿಂದೆ ನಿಂತ ಸೋದರಮಾವನ ಮುಖ ಮಸುಕಾಗುತ್ತದೆ. ಎರಡು ಸಾಲು ಬಂಧುಗಳ ಚಿತ್ರಕ್ಕೆ ಎಫ್ 4 ಅಥವಾ 5.6 ಬೇಕೇ ಬೇಕು. ಅಲ್ಲಿ ಫ್ಲ್ಯಾಷ್ ಬಳಸಬಹುದಾದರೆ ಚಿಂತೆಯಿಲ್ಲ. ಬಳಸಲಾಗದ ಕಡೆ, ಗರ್ಭಗುಡಿಯ ಮುಂದಿನ ಪೂಜೆಯಲ್ಲಿ ಅಥವಾ ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ, ದೊಡ್ಡ ಸೆನ್ಸರಿನ ಬಾಡಿ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ಬಾಡಿಯನ್ನು ಆರಿಸುವಾಗ

ಜಾಹೀರಾತಿನ ಗರಿಷ್ಠ ಐಎಸ್‌ಒ ಅಂಕಿಗೆ ಮರುಳಾಗಬಾರದು. 2007ರಲ್ಲಿ ಬಂದ ನಿಕಾನ್ ಡಿ3 ತನ್ನ ವಿಸ್ತೃತ ಶ್ರೇಣಿಯಲ್ಲಿ 25,600 ತಲುಪಿ ಬೆರಗು ಹುಟ್ಟಿಸಿತ್ತು. 2014ರ ಸೋನಿ ಎ7ಎಸ್ 4,09,600ರವರೆಗೆ ಹೋಯಿತು. ಇವು ಯಂತ್ರದ ಮಿತಿಯನ್ನು ಹೇಳುತ್ತವೆಯೇ ಹೊರತು ಆಲ್ಬಂಗೆ ಒಪ್ಪುವ ಗುಣಮಟ್ಟವನ್ನಲ್ಲ.

ಮಂದ ಬೆಳಕಿನಲ್ಲಿ ಫೋಕಸ್ ಆಗುವ ಸಾಮರ್ಥ್ಯ ನಾಯ್ಸ್‌ನಷ್ಟೇ ಮುಖ್ಯ. ಚುಕ್ಕೆಗಳನ್ನು ಕಂಪ್ಯೂಟರಿನಲ್ಲಿ ತಗ್ಗಿಸಬಹುದು. ಫೋಕಸ್ ತಪ್ಪಿದ ಚಿತ್ರವನ್ನು ಉಳಿಸುವುದು ಕಷ್ಟ. ಇಲ್ಲಿಯೂ ಅಡಿಟಿಪ್ಪಣಿಯನ್ನು ಓದಬೇಕು. 2020ರ ಕ್ಯಾನನ್ ಆರ್6ಗೆ ಘೋಷಿಸಿದ ಮೈನಸ್ 6.5 ಇವಿ ಎಂಬ ಫೋಕಸ್ ಮಿತಿ ಎಫ್ 1.2ರ ಲೆನ್ಸ್ ಹಾಕಿದಾಗಿನದು. ನಿಮ್ಮಲ್ಲಿ ಎಫ್ 4ರ ಲೆನ್ಸ್ ಇದ್ದರೆ ಆ ಅಂಕಿ ನಿಮ್ಮದಲ್ಲ.

ಮೆಮೊರಿ ಕಾರ್ಡಿಗೆ ಎರಡು ಕಿಂಡಿಗಳಿರಬೇಕು. ಒಂದು ಕಾರ್ಡು ಕೆಟ್ಟರೆ ಇನ್ನೊಂದರಲ್ಲಿ ಪ್ರತಿ ಉಳಿಯುತ್ತದೆ. 2018ರ ನಿಕಾನ್ ಝಡ್6ನಲ್ಲಿ ಕಿಂಡಿ ಒಂದೇ ಇತ್ತು. 2020ರ ಝಡ್6ರ ಎರಡನೆಯ ಆವೃತ್ತಿಯಲ್ಲಿ ಕಂಪನಿ ಅದನ್ನು ಎರಡಾಗಿಸಿತು. ಹಳೆಯ ಮಾದರಿ ಅಗ್ಗವೆಂದು ಕೊಳ್ಳುವವರು ಇದನ್ನು ಗಮನಿಸಬೇಕು.

ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಒಳ್ಳೆಯದೆಂಬ ಭ್ರಮೆಯೂ ಬೇಡ. ಮದುವೆ ಆಲ್ಬಂನ 12 × 36 ಅಂಗುಲದ ಹಾಳೆಯ ಅರ್ಧವನ್ನು, ಅಂದರೆ 12 × 18 ಅಂಗುಲವನ್ನು, ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಲು ಸುಮಾರು 19.4 ಮೆಗಾಪಿಕ್ಸೆಲ್ ಸಾಕು. 20ರಿಂದ 24 ಮೆಗಾಪಿಕ್ಸೆಲ್‌ನ ಬಾಡಿ ಈ ಕೆಲಸಕ್ಕೆ ಧಾರಾಳವಾಯಿತು. ಅದಕ್ಕಿಂತ ಹೆಚ್ಚಾದರೆ ಕಾರ್ಡು, ಹಾರ್ಡ್ ಡಿಸ್ಕುಗಳ ಖರ್ಚು ಬೆಳೆಯುತ್ತದೆ.

ಬಾಡಿಯೊಳಗಿನ ಕಂಪನ ನಿರೋಧಕ ವ್ಯವಸ್ಥೆ ನಮ್ಮ ಕೈನಡುಕವನ್ನು ತಡೆಯುತ್ತದೆ; ಅಕ್ಷತೆ ಎರಚುವ ಕೈಯ ಚಲನೆಯನ್ನು ತಡೆಯದು. ಕೊನೆಯದಾಗಿ ದೀಪಗಳ ಮಿಡಿತ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿಡಿಯುತ್ತವೆ. ಆರತಕ್ಷತೆಯ ವೇದಿಕೆಯ ಎಲ್‌ಇಡಿ ದೀಪಗಳಡಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಬಳಸಿದರೆ ಚಿತ್ರದ ಮೇಲೆ ಪಟ್ಟೆಗಳು ಬೀಳಬಹುದು. ಯಾಂತ್ರಿಕ ಷಟರನ್ನು ಸೆಕೆಂಡಿನ ನೂರನೆಯ ಒಂದು ಭಾಗಕ್ಕೆ ಇಟ್ಟು ನೋಡುವುದು ಮೊದಲ ಉಪಾಯ.

ಲೆನ್ಸ್ ಕೂಡುವ ಮೌಂಟ್ ಬದಲಾದರೆ ಖರ್ಚು ಬಾಡಿಗೆ ನಿಲ್ಲುವುದಿಲ್ಲ. ಕ್ಯಾನನ್, ನಿಕಾನ್ ಎರಡೂ ಕಂಪನಿಗಳು 2018ರಲ್ಲಿ ಫುಲ್ ಫ್ರೇಮ್ ಮಿರರ್‌ಲೆಸ್ ಬಾಡಿಗಳಿಗೆ ಹೊಸ ಮೌಂಟ್ ತಂದವು. ಅಡಾಪ್ಟರ್ ಹಾಕಿ ಹಳೆಯ ಲೆನ್ಸುಗಳನ್ನು ಬಳಸಬಹುದಾದರೂ, ಒಳಗೆ ಮೋಟಾರ್ ಇಲ್ಲದ ಹಳೆಯ ನಿಕಾನ್ ಲೆನ್ಸುಗಳು ಕಂಪನಿಯ ಎಫ್‌ಟಿಝಡ್ ಅಡಾಪ್ಟರಿನಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ.

ಕೊಳ್ಳುವುದೋ, ಬಾಡಿಗೆಗೆ ತರುವುದೋ?

ಉದಾಹರಣೆಗೆ ಈ ಅಂಕಿಗಳನ್ನು ತೆಗೆದುಕೊಳ್ಳೋಣ. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬಹುದು. ಬಾಡಿಯ ಬೆಲೆ 2,00,000 ರೂ. ಐದು ವರ್ಷದ ನಂತರ ಮರುಮಾರಾಟದಿಂದ 60,000 ರೂ. ಬರಬಹುದೆಂದು ಭಾವಿಸಿದರೆ ವರ್ಷಕ್ಕೆ ಕರಗುವುದು 28,000 ರೂ. ತೊಡಗಿಸಿದ ಸರಾಸರಿ ಬಂಡವಾಳ 1,30,000 ರೂ.ಗಳ ಮೇಲೆ ಶೇ. 12 ಬಡ್ಡಿ 15,600 ರೂ. ವಿಮೆ, ಸರ್ವಿಸಿಂಗಿಗೆ 6,400 ರೂ. ಒಟ್ಟು ವರ್ಷಕ್ಕೆ 50,000 ರೂ. ಇಂತಹುದೇ ಬಾಡಿ ದಿನಕ್ಕೆ 2,500 ರೂ. ಬಾಡಿಗೆಗೆ ಸಿಗುವುದಾದರೆ, 50,000 ರೂಪಾಯಿಗೆ 20 ದಿನಗಳ ಬಾಡಿಗೆ. ಅಂದರೆ ವರ್ಷಕ್ಕೆ 20 ದಿನಗಳಿಗಿಂತ ಕಡಿಮೆ ಕೆಲಸವಿದ್ದರೆ ಬಾಡಿಗೆ ಲೇಸು, ಹೆಚ್ಚಿದ್ದರೆ ಖರೀದಿ ಲೇಸು.

ನಾನು ಅವರ ಬುಕಿಂಗ್ ಡೈರಿಯನ್ನು ತರಿಸಿದೆ. ಹಿಂದಿನ ವರ್ಷ ನಿಜವಾಗಿ ಮಂದ ಬೆಳಕಿನಲ್ಲಿ, ಫ್ಲ್ಯಾಷ್ ಬಳಸಲಾಗದೆ ಕೆಲಸ ಮಾಡಿದ ದಿನಗಳು 14 ಮಾತ್ರ. ಅವರ ಮನಸ್ಸಿನಲ್ಲಿ ಆ ಸಂಖ್ಯೆ ಐವತ್ತರ ಮೇಲಿತ್ತು.

ತೆರಿಗೆಯ ಮಾತು

ಇನ್ನು ಮಾರ್ಚ್ 31ರ ಪ್ರಶ್ನೆ. ಕ್ಯಾಮೆರಾದಂತಹ ಸಾಮಾನ್ಯ ಯಂತ್ರೋಪಕರಣಗಳ ಮೇಲೆ ಆದಾಯ ತೆರಿಗೆಯಲ್ಲಿ ಸಿಗುವ ಸವಕಳಿ ಶೇ. 15, ಆ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಅದರ ಅರ್ಧ. ಮಾರ್ಚ್ ಕೊನೆಯಲ್ಲಿ ಕೊಂಡು ಬಳಕೆಗೆ ತಂದರೆ ಸಿಗುವ ಸವಕಳಿ 2 ಲಕ್ಷದ ಮೇಲೆ ಶೇ. 7.5, ಅಂದರೆ 15,000 ರೂ. ಶೇ. 20ರ ಹಂತದಲ್ಲಿರುವವರಿಗೆ ಉಳಿಯುವ ತೆರಿಗೆ, ಸೆಸ್ ಬಿಟ್ಟು, 3,000 ರೂ. ಮೂರು ಸಾವಿರ ಉಳಿಸಲು ಎರಡು ಲಕ್ಷ ಖರ್ಚು ಮಾಡುವುದು ಜಾಣತನವಲ್ಲ. ವಹಿವಾಟಿನ ಶೇಕಡಾವಾರು ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಯೋಜನೆಯಲ್ಲಿರುವವರಿಗೆ ಆ ಮೂರು ಸಾವಿರವೂ ಇಲ್ಲ. ಅಲ್ಲಿ ಸವಕಳಿ ಲಾಭದಲ್ಲಿಯೇ ಸೇರಿಹೋಗಿದೆಯೆಂದು ಭಾವಿಸಲಾಗುತ್ತದೆ.

ಡಿಜಿಟಲ್ ಕ್ಯಾಮೆರಾಗಳ ಜಿಎಸ್‌ಟಿ 2019ರ ಜನವರಿ 1ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಸಾಮಾನ್ಯ ಯೋಜನೆಯಲ್ಲಿ ನೋಂದಾಯಿತರಾದವರು 36,000 ರೂ.ಗಳನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆಯಬಹುದು. ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಇರಬೇಕು ಮತ್ತು ಮಾರಾಟಗಾರರು ಅದನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿರಬೇಕು. ಹೀಗೆ ಕ್ರೆಡಿಟ್ ಪಡೆದ ತೆರಿಗೆಯ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ನೋಂದಣಿ ಇಲ್ಲದವರಿಗೂ ಕಾಂಪೊಸಿಷನ್ ಯೋಜನೆಯವರಿಗೂ ಈ ಕ್ರೆಡಿಟ್ ಇಲ್ಲ. ಅವರ ಪಾಲಿಗೆ ಬಾಡಿಯ ಬೆಲೆ 2,36,000 ರೂ. ಎಂದೇ ಹಿಡಿದು, ಮೇಲಿನ 20 ದಿನಗಳನ್ನು 24 ಎಂದು ತಿದ್ದಿಕೊಳ್ಳಬೇಕು.

ಬಳಸಿದ ಬಾಡಿಯನ್ನು ಖಾಸಗಿಯವರಿಂದ ಕೊಳ್ಳುವಾಗಲೂ ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ ಆ ಮೊತ್ತ ಸವಕಳಿಯ ಲೆಕ್ಕಕ್ಕೆ ಸೇರುವುದಿಲ್ಲ. ಮೂಲ ಬಿಲ್ಲು, ಬಾಡಿಯ ಸರಣಿ ಸಂಖ್ಯೆ, ಷಟರ್ ಎಣಿಕೆ ಮೂರನ್ನೂ ತಾಳೆ ನೋಡಬೇಕು. ನಿಕಾನ್ ಡಿ750, ಕ್ಯಾನನ್ 5ಡಿ ಮಾರ್ಕ್ 4ರ ಷಟರುಗಳನ್ನು ಕಂಪನಿಗಳು ಪರೀಕ್ಷಿಸಿರುವುದು 1.5 ಲಕ್ಷ ಬಾರಿಗೆ. ಎಣಿಕೆ ಅದರ ಹತ್ತಿರ ಬಂದಿದ್ದರೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಬೇಕು. ಅಂಗಡಿಗೆ ತಮ್ಮದೇ ಲೆನ್ಸು, ಕಾರ್ಡು ಒಯ್ದು, ಗೋದಾಮಿನ ಕತ್ತಲ ಮೂಲೆಯಲ್ಲಿ ಐಎಸ್‌ಒ 6400ರಲ್ಲಿ ಹತ್ತಾರು ಚಿತ್ರ ತೆಗೆದು, ಆಲ್ಬಂ ಅಳತೆಯಲ್ಲಿ ಮುದ್ರಿಸಿ ನೋಡುವುದಕ್ಕಿಂತ ಉತ್ತಮ ಪರೀಕ್ಷೆ ಇಲ್ಲ.

ಮುಂದೆ ಆದದ್ದು

ನಮ್ಮ ಸ್ಟುಡಿಯೋ ಮಾಲೀಕರು ಆ ಮಾರ್ಚ್‌ನಲ್ಲಿ ದರಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಹಿಂದಿರುಗಿದರು. ತಮ್ಮಲ್ಲಿದ್ದ ಮಾದರಿಯದೇ ಬಳಸಿದ ಬಾಡಿಯೊಂದನ್ನು ಬದಲಿಗೆಂದು ಕೊಂಡರು, ಎಫ್ 1.8ರ ಲೆನ್ಸೊಂದನ್ನು ತಂದರು. ತೀರಾ ಕತ್ತಲಿನ ಕಾರ್ಯಕ್ರಮಗಳಿಗೆ ಅದೇ ಕಂಪನಿಯ ಫುಲ್ ಫ್ರೇಮ್ ಬಾಡಿಯನ್ನು ಬಾಡಿಗೆಗೆ ತಂದು, ಪ್ರತಿ ದಿನವನ್ನೂ ಡೈರಿಯಲ್ಲಿ ಗುರುತಿಸಿದರು. ಮುಂದಿನ ಮಾರ್ಚ್‌ಗೆ ಆ ಸಂಖ್ಯೆ 23 ಆಗಿತ್ತು. ಆ ಆಗಸ್ಟ್‌ನಲ್ಲಿ, ಕಾರ್ತಿಕದ ಮದುವೆಗಳಿಗೆ ಮುಂಚೆ, ಪೂರ್ಣ ಸವಕಳಿ ಸಿಗುವಂತೆ ಫುಲ್ ಫ್ರೇಮ್ ಬಾಡಿಯನ್ನು ಕೊಂಡರು. ಅಷ್ಟರಲ್ಲಿ ಅದನ್ನು ಬಳಸುವುದು ಅವರಿಗೆ ಚೆನ್ನಾಗಿ ರೂಢಿಯಾಗಿತ್ತು.

ಆ 40,000 ರೂಪಾಯಿ ಮಾತ್ರ ಬರಲೇ ಇಲ್ಲ. ವಸೂಲಾಗದ ಬಾಕಿಯೆಂದು ಅದನ್ನು ಲೆಕ್ಕದಿಂದ ತೆಗೆದುಹಾಕಿದೆವು. ಅದೇ ಮನೆಯ ಎರಡನೆಯ ಮಗಳ ಮದುವೆಗೆ ಬೇರೆ ಸ್ಟುಡಿಯೋದವರು ಹೋದರೆಂದು ಅವರು ಇತ್ತೀಚೆಗೆ ಹೇಳಿದರು. ಆ ನಷ್ಟವನ್ನು ಯಾವ ಖಾತೆಯಲ್ಲಿ ತೋರಿಸಬೇಕೆಂದು ನಮ್ಮ ಲೆಕ್ಕಶಾಸ್ತ್ರ ಹೇಳುವುದಿಲ್ಲ. ಬದಲಿ ಯಂತ್ರವಿಲ್ಲದೆ ಕೆಲಸ ಒಪ್ಪಿಕೊಳ್ಳುವ ಪ್ರತಿಯೊಬ್ಬ ಉದ್ಯಮಿಯೂ ಅದನ್ನು ತನ್ನ ಮನಸ್ಸಿನಲ್ಲಿಯೇ ಬರೆದಿಟ್ಟುಕೊಳ್ಳಬೇಕು.